ದಣಪೆಯ ಮೂರನೇ ಗಳ

ಮೊದಲನೇ ಗಳ ಬಂದದ್ದು ಸೆಪ್ಟೆಂಬರ್ ಐದನೇ ತಾರೀಕು, ಮಂಗಳವಾರ. ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಅದಕ್ಕೇ ಇಷ್ಟು ಸರಿಯಾಗಿ ಗೊತ್ತು. "ದಣಪೆಗೆ ಇವತ್ತು ಒಂದು ಗಳ ಹಾಕಿದ್ದಾರೆ. ಅಜ್ಜನ ಕುರ್ಚಿ ದಾಟಿಸಲು ತೆಗೆಯಬೇಕಾಯಿತು. ಆಮೇಲೆ ನಾನೇ ವಾಪಸ್ ಹಾಕಿದೆ." ಮೂರೇ ಸಾಲು. ಮೂರನೆಯ ಸಾಲು ಬರೆಯದೆ ಇದ್ದಿದ್ದರೂ ಆಗುತ್ತಿತ್ತು.

ನಮ್ಮ ಹಕ್ಲಿಗೆ, ಅಂದರೆ ಕುರುಚಲು ಕಾಡಿನ ಅಂಚಿನ ನಮ್ಮ ಕೇರಿಗೆ, ಹೋಗುವ ದಾರಿ ಗಣಪಯ್ಯನವರ ತೋಟದ ಅಂಚಿನಲ್ಲಿದೆ. ಹರಿಹರಪುರದಿಂದ ಕೊಪ್ಪಕ್ಕೆ ಹೋಗುವ ಬಸ್ಸು ನಮ್ಮನ್ನು ಟಾರು ರಸ್ತೆಯಲ್ಲಿ ಇಳಿಸುತ್ತದೆ. ಅಲ್ಲಿಂದ ನಮ್ಮ ಹನ್ನೊಂದು ಮನೆಗಳವರೆಗೆ ಅರ್ಧ ಮೈಲಿ ಮಣ್ಣಿನ ದಾರಿ. ದಾರಿಯ ಬಾಯಲ್ಲಿ ಎರಡು ಕಲ್ಲುಕಂಬ, ಒಂದೊಂದರಲ್ಲೂ ಮೂರು ತೂತು. ಈ ಕಂಬದ ತೂತಿನಿಂದ ಆ ಕಂಬದ ತೂತಿಗೆ ಬಿದಿರಿನ ಗಳ ತೂರಿಸಿಟ್ಟರೆ ದನ ನುಗ್ಗುವುದಿಲ್ಲ. ಮನುಷ್ಯರು ಗಳ ಸರಿಸಿಕೊಂಡು ದಾಟುತ್ತಾರೆ. ನಾನು ಹುಟ್ಟಿದಾಗಿನಿಂದ ಆ ದಣಪೆಯಲ್ಲಿ ಗಳ ನೋಡಿದ್ದಿಲ್ಲ. ತೂತುಗಳಲ್ಲಿ ಕಣಜ ಗೂಡು ಕಟ್ಟಿಕೊಂಡಿತ್ತು.

ದಣಪೆಗೆ ಒಂದು ಕ್ರಮ ಇದೆ. ತೆಗೆದವರು ಮುಚ್ಚಬೇಕು. ನಾಲ್ಕು ಜನ ಒಟ್ಟಿಗೆ ಹೋದರೆ ಕೊನೆಯವರು ಮುಚ್ಚಬೇಕು. ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ಯಾರದ್ದೇ ತೋಟವಾಗಲಿ, ಯಾರ ಮೇಲೆ ಎಷ್ಟೇ ಸಿಟ್ಟಿರಲಿ, ತೆರೆದಿಟ್ಟು ಬಂದರೆ ಮನೆಯಲ್ಲಿ ಬೈಸಿಕೊಳ್ಳಬೇಕು. ನಾನು ಎಲ್ಲಿ ಹೋದರೂ ಕೊನೆಯಲ್ಲಿ ನಡೆಯುವವಳು. ಬಾಳಗಡಿಯ ಕಾಲೇಜಿನಲ್ಲಿ ಮೂರು ವರ್ಷವೂ ಕೊನೆಯ ಬೆಂಚು, ಹಾಜರಿ ಕೂಗಿದಾಗ ನನ್ನ ದನಿ ಕೇಳದೆ ಲೆಕ್ಚರರ್ ಎರಡೆರಡು ಸಲ ಕರೆಯುತ್ತಿದ್ದರು. ಹಾಗಾಗಿ ಗಳ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಅಜ್ಜನಿಗೆ, ಅಂದರೆ ಅಮ್ಮನ ಅಪ್ಪ ಸುಬ್ಬಪ್ಪನಿಗೆ, ಮಂಗಳವಾರ ಮತ್ತು ಶುಕ್ರವಾರ ಕೊಪ್ಪದಲ್ಲಿ ಡಯಾಲಿಸಿಸ್. ಒಂದು ಸರದಿ ತಪ್ಪಿದರೆ ಕಾಲು ಬಾತುಕೊಳ್ಳುತ್ತದೆ, ಎರಡು ತಪ್ಪಿದರೆ ಉಸಿರು ಹಿಡಿಯುತ್ತದೆ. ಮಣ್ಣಿನ ದಾರಿಯಲ್ಲಿ ಆಟೋ ಬರುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಎರಡು ಬದಿಗೆ ಬಿದಿರು ಕಟ್ಟಿ ಪಕ್ಕದ ಮನೆಯ ಸುಂದರೇಶಣ್ಣ ಮತ್ತು ಅವನ ತಮ್ಮ ಅಜ್ಜನನ್ನು ರಸ್ತೆಯವರೆಗೆ ಹೊರುತ್ತಾರೆ. ಮುಂದೆ ಅಮ್ಮ, ಆಮೇಲೆ ಕುರ್ಚಿ, ಹಿಂದೆ ಫೈಲು ಮತ್ತು ನೀರಿನ ಬಾಟಲಿ ಹಿಡಿದು ನಾನು.

ಅಮ್ಮ ಆಗಸ್ಟಿನಲ್ಲಿ ಬಿದರುಮಕ್ಕಿ ಗ್ರಾಮ ಪಂಚಾಯಿತಿಗೆ ಅಧ್ಯಕ್ಷೆಯಾದಳು. ಅವಳಾಗಿ ಆದದ್ದಲ್ಲ. ಮೀಸಲಾತಿ ಹಾಗೆ ಬಂತು, ಆ ಮೀಸಲಾತಿಗೆ ಸಲ್ಲುವ ಸದಸ್ಯೆ ಅವಳೊಬ್ಬಳೇ ಇದ್ದಳು. ಇಪ್ಪತ್ತು ವರ್ಷದಿಂದ ಪಂಚಾಯಿತಿಯಲ್ಲಿ ಎರಡು ಪಕ್ಕ. ಒಂದು ಗಣಪಯ್ಯನವರದ್ದು. ಅವರು ಚುನಾವಣೆಗೆ ನಿಂತವರಲ್ಲ, ನಿಲ್ಲಿಸುವವರು. ಇನ್ನೊಂದು ಉಪಾಧ್ಯಕ್ಷ ದೇವರಾಜನದ್ದು. ಅವನ ಹತ್ತಿರ ಎರಡು ಟಿಪ್ಪರ್, ಒಂದು ಜೆಸಿಬಿ ಇವೆ, ಪಂಚಾಯಿತಿಯ ಕಾಮಗಾರಿ ಯಾರ ಹೆಸರಿನಲ್ಲಿದ್ದರೂ ಮಾಡುವವನು ಅವನೇ. ಅಮ್ಮ ಮೂವತ್ತು ವರ್ಷ ಗಣಪಯ್ಯನವರ ಕಣದಲ್ಲಿ ಅಡಿಕೆ ಸುಲಿದವಳು, ಆದ್ದರಿಂದ ನಮ್ಮವಳು ಅಂತ ಅವರು ಅಂದುಕೊಂಡರು. ಗಣಪಯ್ಯನವರ ಮೇಲೆ ಒಳಗೊಳಗೇ ಸಿಟ್ಟಿರಲೇಬೇಕು, ಆದ್ದರಿಂದ ನಮ್ಮವಳು ಅಂತ ದೇವರಾಜ ಅಂದುಕೊಂಡ. ಇಬ್ಬರ ಕಡೆಯವರೂ ಅವಳ ಪರವಾಗಿ ಕೈ ಎತ್ತಿದರು. ಅಮ್ಮ ಯಾರ ಹತ್ತಿರವೂ ಏನೂ ಅಂದಿರಲಿಲ್ಲ.

ಅವಳಿಗೆ ಓದಲು ಬರುತ್ತದೆ, ಆದರೆ ನಿಧಾನ. ಅದಕ್ಕೆ ನಾನು ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದೆ. ಸಹಿ ಹಾಕುವ ಮುಂಚೆ ಫೈಲು ಹೊರಗೆ ತಂದು ನನ್ನ ಕೈಲಿ ಓದಿಸುತ್ತಿದ್ದಳು. ಮೊದಲ ವಾರದಲ್ಲೇ ಒಂದು ದಿನ ಹೋದಾಗ ದೇವರಾಜ ಅವಳ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಬಾಗಿಲಲ್ಲಿ ಅಮ್ಮನನ್ನು ನೋಡಿ, ಬನ್ನಿ ಬನ್ನಿ ಭೈರಕ್ಕ ಅಂತ ಕೈಯಲ್ಲೇ ಎದುರಿನ ಸ್ಟೂಲು ತೋರಿಸಿದ. ಕೋಣೆಯಲ್ಲಿ ನಾಲ್ಕೈದು ಸದಸ್ಯರಿದ್ದರು. ಎಲ್ಲರೂ ಗೋಡೆಯ ಕ್ಯಾಲೆಂಡರ್ ನೋಡಲು ಶುರು ಮಾಡಿದರು. ಅಮ್ಮ ಸ್ಟೂಲಿನಲ್ಲಿ ಕೂರಲಿಲ್ಲ, ಏಳಿ ಅಂತಲೂ ಅನ್ನಲಿಲ್ಲ. ಕುರ್ಚಿಯ ಪಕ್ಕ ಹೋಗಿ ನಿಂತಳು. ಅವನ ಫೋನು ಮುಗಿಯಿತು, ಇನ್ನೊಂದು ಫೋನು ಮಾಡಿದ, ಅದೂ ಮುಗಿಯಿತು. ಅವಳು ನಿಂತೇ ಇದ್ದಳು. ಕೊನೆಗೆ ಅವನೇ ಎದ್ದು, ತಮಾಷೆಗೆ ಕೂತಿದ್ದು ಮಾರಾಯ್ತಿ, ಸ್ಪ್ರಿಂಗ್ ಸರಿ ಇದೆಯಾ ನೋಡ್ತಿದ್ದೆ ಅಂದ. ಎಲ್ಲರೂ ನಕ್ಕರು. ಅಮ್ಮ ಕೂತು, ಸರಿ ಇದೆಯಾ ಅಂತ ಕೇಳಿದಳು. ಆಗ ಯಾರೂ ನಗಲಿಲ್ಲ.

ಸ್ವಾತಂತ್ರ್ಯ ದಿನಾಚರಣೆಗೆ ಅವಳಿಗೆ ಎಂಟೂವರೆ ಅಂತ ಹೇಳಿದ್ದರು. ನಾವು ಎಂಟೂಕಾಲಿಗೆ ತಲುಪಿದಾಗ ಬಾವುಟ ಮೇಲಿತ್ತು. ಹಾರಿಸಿದವರು ಗಣಪಯ್ಯನವರು, ಹಿರಿಯರು ಅಂತ. ಅಮ್ಮ ಚಪ್ಪಲಿ ಬಿಟ್ಟು ಕಂಬದ ಮುಂದೆ ನಿಂತು ಒಬ್ಬಳೇ ಸೆಲ್ಯೂಟ್ ಹೊಡೆದಳು. ಚಾಕೊಲೇಟ್ ಹಂಚುತ್ತಿದ್ದವರು ನನಗೂ ಒಂದು ಕೊಟ್ಟರು. ಅದನ್ನು ಕೈಯಲ್ಲೇ ಹಿಡಿದುಕೊಂಡು ಮನೆಗೆ ಬಂದೆ. ಮನೆಗೆ ಬರುವಷ್ಟರಲ್ಲಿ ಕರಗಿತ್ತು. ಅವಮಾನ ಆಯಿತು ಅಂತ ಡೈರಿಯಲ್ಲಿ ಬರೆಯಲು ಕೂತೆ, ಆಯಿತೋ ಇಲ್ಲವೋ ಗೊತ್ತಾಗಲಿಲ್ಲ. "ಬಾವುಟ ಮೊದಲೇ ಹಾರಿತ್ತು" ಅಂತ ಮಾತ್ರ ಬರೆದೆ.

ಆಗಸ್ಟ್ ಕೊನೆಯ ಸಭೆಯಲ್ಲಿ ಅಮ್ಮ ತನ್ನ ಮೊದಲ ವಿಷಯ ಇಟ್ಟಳು. ಹಕ್ಲಿನ ದಾರಿಯನ್ನು ಪಂಚಾಯಿತಿ ರಸ್ತೆ ಅಂತ ದಾಖಲೆಗೆ ಸೇರಿಸಬೇಕು. ಸೇರಿದರೆ ಮಾತ್ರ ಅದಕ್ಕೆ ಜಲ್ಲಿ ಹಾಕಬಹುದು, ಆಟೋ ಬರಬಹುದು. ಅವಳಿಗೆ ಬೇಕಿದ್ದದ್ದು ಅಷ್ಟೇ. ನನ್ನ ಅವಧಿಯಲ್ಲಿ ಇದೊಂದು ಆದರೆ ಸಾಕು, ಅಪ್ಪ ಕುರ್ಚಿ ಬಿಟ್ಟು ಆಟೋದಲ್ಲಿ ಮನೆ ಬಾಗಿಲಿಗೆ ಬರಲಿ ಅಂತ ಸುಂದರೇಶಣ್ಣನ ಹತ್ತಿರ ಹೇಳಿದ್ದಳು. ಸಭೆಯಲ್ಲಿ ದೇವರಾಜ ಜೋರಾಗಿ ಅನುಮೋದಿಸಿದ. ಗಣಪಯ್ಯನವರ ಕಡೆಯವರು ಸುಮ್ಮನಿದ್ದರು. ತಾಲ್ಲೂಕಿಗೆ ಕಾಗದ ಹೋಯಿತು. ಎಂಟು ದಿನಕ್ಕೆ ದಣಪೆಯಲ್ಲಿ ಗಳ ಇತ್ತು.

ಹೊಸ ಬಿದಿರು, ಹಸಿರು ಇನ್ನೂ ಬಿಟ್ಟಿರಲಿಲ್ಲ. ಮೇಲಿನ ತೂತಿನಲ್ಲಿ ಹಾಕಿದ್ದರು. ಮಕ್ಕಳು ಕೆಳಗಿಂದ ನುಸುಳಬಹುದಿತ್ತು, ದನವೂ ನುಸುಳಬಹುದಿತ್ತು. ಕುರ್ಚಿಯಲ್ಲಿ ಕೂತವನಿಗೆ ಮಾತ್ರ ಆಗುತ್ತಿರಲಿಲ್ಲ. ಅಮ್ಮ ಗಳವನ್ನು ಸ್ವಲ್ಪ ಹೊತ್ತು ನೋಡಿ ಎಳೆದು ಪಕ್ಕಕ್ಕಿಟ್ಟಳು. ಕುರ್ಚಿ ದಾಟಿತು. ನಾನು ಯೋಚಿಸಲೂ ಇಲ್ಲ, ಕೈ ತಾನಾಗಿ ಹೋಗಿ ಗಳ ತೂರಿಸಿತು.

ಆ ಶುಕ್ರವಾರ ಗಣಪಯ್ಯನವರು ಕಣದಲ್ಲೇ ನಿಂತಿದ್ದರು. ಕಣದ ಶೆಡ್ಡು ದಣಪೆಗೆ ಕಾಣುವಷ್ಟು ಹತ್ತಿರ. ಅಡಿಕೆ ಕಳ್ಳತನ ಆಗುತ್ತದೆ ಅಂತ ಹೋದ ವರ್ಷ ಅದಕ್ಕೆ ಕ್ಯಾಮೆರಾ ಹಾಕಿಸಿದ್ದಾರೆ. ಅವರು ಕೆಟ್ಟ ಮಾತಾಡುವವರಲ್ಲ. ನನ್ನ ಪಿಯುಸಿ ಪುಸ್ತಕಗಳು ಅವರ ಮೊಮ್ಮಗಳದ್ದು. ಸುಬ್ಬ ಹೆಂಗಿದಾನೆ, ಊಟ ಸೇರತ್ತಾ ಅಂತೆಲ್ಲ ವಿಚಾರಿಸಿದರು. ಆಮೇಲೆ ಗಳದ ಕಡೆ ನೋಡುತ್ತಾ ಅಂದರು:

"ದಾರಿ ಕೊಡಲ್ಲ ಅಂದೋರ್ಯಾರು ಭೈರಮ್ಮ? ನಿನ್ನ ಅಪ್ಪ, ಅವನ ಅಪ್ಪ ಎಲ್ಲ ಓಡಾಡಿದ್ದೇ ಇದರಲ್ಲಿ. ಬಂದು ಒಂದು ಮಾತು ಕೇಳಿದ್ರಾಯ್ತು. ತಾಲ್ಲೂಕು, ಕಾಗದ, ಇದೆಲ್ಲ ಎಂತಕ್ಕೆ?"

ಅಮ್ಮ, ಆಟೋದವನು ಕಾಯ್ತಿದಾನೆ ಅಯ್ಯ ಅಂತ ಹೇಳಿ ಮುಂದೆ ನಡೆದಳು.

ಆಸ್ಪತ್ರೆಯಲ್ಲಿ ಅಜ್ಜನಿಗೆ ಮೆಷಿನ್ ಹಾಕಿದರೆ ನಾಲ್ಕು ಗಂಟೆ ನಾವಿಬ್ಬರೂ ಹೊರಗೆ ಕೂರಬೇಕು. ಅವತ್ತು ನಾನು, ಒಂದು ಸಲ ಕೇಳಿಬಿಟ್ಟರೆ ಏನಾಗುತ್ತದೆ ಅಂದೆ. ಅಮ್ಮ ಹೇಳಿದಳು. "ಕೇಳಿದ್ರೆ ಕೊಡ್ತಾರೆ. ಕೊಟ್ಟಿದ್ದು ಅವರದ್ದಾಗತ್ತೆ ಪವಿ. ನಾಳೆ ಇಸ್ಕೊಬಹುದು."

ಎರಡನೇ ಗಳ ಅಕ್ಟೋಬರಿನಲ್ಲಿ ಬಂತು, ನಡುವಿನ ತೂತಿಗೆ. ಈಗ ಎರಡು ತೆಗೆಯಬೇಕು, ಎರಡು ಹಾಕಬೇಕು. ಕುರ್ಚಿ ಹೊತ್ತವರು ಅಷ್ಟು ಹೊತ್ತು ಹೆಗಲ ಮೇಲೆ ಭಾರ ಇಟ್ಟುಕೊಂಡು ನಿಲ್ಲಬೇಕು. ಸುಂದರೇಶಣ್ಣ ಸಿಟ್ಟಿನಲ್ಲಿ, ಮುರಿದು ಒಲೆಗೆ ಹಾಕಿ ಅತ್ಲಾಗೆ ಅಂದ. ದೇವರಾಜನೂ ಪಂಚಾಯಿತಿಯಲ್ಲಿ ಅದನ್ನೇ ಬೇರೆ ಥರ ಹೇಳಿದ. ಎಲ್ಲ ಸದಸ್ಯರೂ ಇರುವಾಗ, ಚಹಾ ಕುಡಿಯುತ್ತಾ, ಅಧ್ಯಕ್ಷರು ದಿನಾ ಬಗ್ಗಿ ಗಳ ತೆಗೀತಾರಂತೆ, ನಮ್ಮ ಪಂಚಾಯ್ತಿ ಮರ್ಯಾದೆ ಸೊಂಟದ ಲೆವೆಲ್ಲಿಗೆ ಬಂತು ಅಂದ. ಆಮೇಲೆ ಹೊರಗೆ ಬೆಂಚಿನ ಹತ್ತಿರ ಅಮ್ಮನನ್ನು ನಿಲ್ಲಿಸಿ, ದನಿ ಇಳಿಸಿ ಹೇಳಿದ್ದು ನನಗೆ ಪೂರ್ತಿ ಕೇಳಿಸಿತು.

"ಒಂದು ಹೂಂ ಅನ್ನು ಭೈರಕ್ಕ. ಜೆಸಿಬಿ ಕಳಿಸ್ತೀನಿ, ಕಂಬ ಸಮೇತ ಕಿತ್ತು ಹೊಳೆಗೆ. ಕೇಸಾದ್ರೆ ನೋಡ್ಕಣಾಣ."

ಕೇಸು ಯಾರ ಮೇಲೆ ಅಂತ ಅಮ್ಮ ಕೇಳಿದಳು. ಅವನು ನಕ್ಕ. ಕೇಸಾದರೆ ಅಧ್ಯಕ್ಷರ ಮೇಲೆ, ಅಧ್ಯಕ್ಷರು ಇಳಿದರೆ ಮೇಲೆ ಬರುವವನು ಉಪಾಧ್ಯಕ್ಷ. ಇಷ್ಟು ನನಗೂ ಗೊತ್ತಾಯಿತು. ಗಣಪಯ್ಯನವರಿಗೆ ಅವಳು ಬಗ್ಗುತ್ತಾಳಾ ಅಂತ ನೋಡಬೇಕು, ದೇವರಾಜನಿಗೆ ಗಳ ಮುರಿಯುತ್ತಾಳಾ ಅಂತ ನೋಡಬೇಕು. ಅವಳು ಎರಡೂ ಮಾಡದೆ ಇದ್ದದ್ದರಿಂದ ಇಬ್ಬರಿಗೂ ನಿದ್ದೆ ಇರಲಿಲ್ಲವೇನೋ. ಸದಸ್ಯರು ಮಾತ್ರ, ಇವಳ ಕೈಲಿ ಏನೂ ಆಗಲ್ಲ ಅನ್ನತೊಡಗಿದ್ದರು.

ಅಜ್ಜ ಹುಡುಗನಾಗಿದ್ದಾಗ ನರಸಿಂಹರಾಜಪುರದ ಕಡೆ ಕಾಫಿ ಎಸ್ಟೇಟಿನಲ್ಲಿ ಕಾವಲಿಗಿದ್ದವನು. ಕುರ್ಚಿಯಲ್ಲಿ ಕೂತಾಗ ಅವನಿಗೆ ಹಳೆಯದೆಲ್ಲ ನೆನಪಾಗುತ್ತದೆ. ನವೆಂಬರಿನ ಒಂದು ಮಂಗಳವಾರ ದಣಪೆಯ ಮುಂದೆ ಕಾಯುವಾಗ ಯಾರೂ ಕೇಳದೆ ಆನೆಯ ವಿಷಯ ತೆಗೆದ. ಆನೆ ಮೊದಲು ಬರುವುದು ಸುಳ್ಳೇ ಅಂತೆ. ಕಿವಿ ಅಗಲ ಮಾಡಿಕೊಂಡು, ಧೂಳೆಬ್ಬಿಸಿ, ದೊಡ್ಡ ಸದ್ದು ಮಾಡುತ್ತಾ ಬರುತ್ತದೆ, ಹತ್ತು ಮಾರು ಇರುವಾಗ ನಿಲ್ಲುತ್ತದೆ. ಓಡಿದವನನ್ನು ಅಟ್ಟಿಸಿಕೊಂಡು ಹೋಗುತ್ತದೆ, ಕಲ್ಲು ಹೊಡೆದವನನ್ನೂ. ನಿಂತವನನ್ನು ನೋಡಿ ಹಿಂದೆ ಹೋಗುತ್ತದೆ.

"ಯಾವಾಗ್ಲೂ ಸುಳ್ಳೇನಾ?" ಅಂತ ಅಮ್ಮ ಗಳ ಎಳೆಯುತ್ತಾ ಕೇಳಿದಳು.

"ಇಲ್ಲ. ಕಿವಿ ಹಿಂದಕ್ಕೆ ಒತ್ತಿ, ಸದ್ದಿಲ್ದೆ ಬಂದ್ರೆ ನಿಜ. ಆವಾಗ ನಿಂತ್ರೂ ಅಷ್ಟೆ, ಓಡಿದ್ರೂ ಅಷ್ಟೆ."

ಅವನು ತನ್ನ ಎಡಗೈಯನ್ನು ಸವರಿಕೊಂಡ. ಮೆಷಿನ್ನಿಗೆಂದು ನರ ಸೇರಿಸಿ ಹೊಲಿದ ಜಾಗ ಅದು, ಮುಟ್ಟಿದರೆ ಒಳಗೆ ಜುಂಯ್ ಅಂತ ಹರಿಯುವುದು ಗೊತ್ತಾಗುತ್ತದೆ. ಕುರ್ಚಿ ದಾಟಿತು. ನಾನು ಎರಡು ಗಳ ಹಾಕಿದೆ.

ಮೂರನೇ ಗಳ ಬಂದದ್ದು ಡಿಸೆಂಬರ್ ಮೊದಲ ಶುಕ್ರವಾರ. ಕೆಳಗಿನ ತೂತಿಗೆ. ಅದರ ಹಿಂದಿನ ದಿನವಷ್ಟೇ ತಾಲ್ಲೂಕಿನಿಂದ ಕಾಗದ ಬಂದಿತ್ತು, ಮುಂದಿನ ಬುಧವಾರ ಸ್ಥಳ ಮಹಜರು ಅಂತ. ಈಗ ಮಕ್ಕಳೂ ನುಸುಳುವಂತಿರಲಿಲ್ಲ.

ಮಹಜರಿಗೆ ಬಂದ ಅಧಿಕಾರಿ ಮರುಳಸಿದ್ದಪ್ಪ ದಾವಣಗೆರೆ ಕಡೆಯವರು, ನಮ್ಮ ತಾಲ್ಲೂಕಿಗೆ ಹೊಸಬರು. ಜೀಪಿನಿಂದ ಇಳಿದವರೇ ಕಂಬ ಮುಟ್ಟಿ ನೋಡಿ, ಇದೇನ್ರೀ ಕಲ್ಲಿಗೆ ತೂತು ಹೊಡ್ಸೀರಿ ಅಂದರು. ಗಣಪಯ್ಯನವರು ದಣಪೆ ಅಂದರೇನು ಅಂತ ಚೆನ್ನಾಗಿ ವಿವರಿಸಿದರು, ಎಲ್ಲರಿಗೂ ಮಜ್ಜಿಗೆ ತರಿಸಿದರು. ದೇವರಾಜ ಹತ್ತು ಹದಿನೈದು ಜನರನ್ನು ಕರೆದುಕೊಂಡು ಬಂದಿದ್ದ, ರಸ್ತೆಯ ಆಚೆ ಅವನ ಜೆಸಿಬಿಯೂ ಸುಮ್ಮನೆ ನಿಂತಿತ್ತು. ಹಕ್ಲಿನ ಹನ್ನೊಂದು ಮನೆಯವರು ಗಳದ ಒಳಗಿನ ಬದಿಯಲ್ಲಿ ನಿಂತಿದ್ದೆವು.

ಗಣಪಯ್ಯನವರು ಹೇಳಿದ್ದು ಇಷ್ಟು. ಇದು ತಮ್ಮ ಖಾಸಗಿ ದಾರಿ, ದಣಪೆ ತಮ್ಮದು, ಓಡಾಡುವವರು ತಮ್ಮ ದಾಕ್ಷಿಣ್ಯದ ಮೇಲೆ ಓಡಾಡುತ್ತಿದ್ದಾರೆ. ಅಧ್ಯಕ್ಷರೂ ಅದನ್ನು ಒಪ್ಪಿಕೊಂಡಿದ್ದಾರೆ. ಒಪ್ಪಿದ್ದಕ್ಕೆ ಏನು ಸಾಕ್ಷಿ ಅಂತ ಮರುಳಸಿದ್ದಪ್ಪ ಕೇಳಿದಾಗ ಜೇಬಿನಿಂದ ಫೋನು ತೆಗೆದರು.

ಅದರಲ್ಲಿದ್ದದ್ದು ನಾನು. ಕಣದ ಕ್ಯಾಮೆರಾದಲ್ಲಿ ಸೆರೆಯಾದ ಇಪ್ಪತ್ತಾರು ತುಣುಕು. ಒಂದರ ಮೇಲೊಂದು ಹಾಕಿ ತೋರಿಸಿದರು. ಅಮ್ಮ ದಾಟುತ್ತಾಳೆ, ಕುರ್ಚಿ ದಾಟುತ್ತದೆ, ನಾನು ಫೈಲನ್ನು ಕಂಕುಳಲ್ಲಿ ಒತ್ತಿಕೊಂಡು ಗಳ ಎತ್ತಿ ಹಾಕುತ್ತೇನೆ. ಬೇರೆ ಬೇರೆ ಚೂಡಿದಾರ, ಅದೇ ಫೈಲು. ಒಂದರಲ್ಲಿ ಗಳ ಜಾರಿ ಬೀಳುತ್ತದೆ, ನಾನು ಬಗ್ಗಿ ಎತ್ತಿ ಧೂಳು ಒರೆಸಿ ಹಾಕುತ್ತೇನೆ. ಇನ್ನೊಬ್ಬರ ಬಾಗಿಲನ್ನು ಎಷ್ಟು ಜೋಪಾನವಾಗಿ ಮುಚ್ಚುತ್ತೇನೋ ಹಾಗೆ. ಇಪ್ಪತ್ತಾರು ಸಲ. ದೇವರಾಜ ಇಣುಕಿ ನೋಡಿ, ಮಗಳನ್ನೇ ಗಣಪಯ್ಯನೋರ ದಣಪೆ ಕಾಯೋಕಿಟ್ಟಿದೀರಾ ಭೈರಕ್ಕ ಅಂದ. ಅವನ ಕಡೆಯವರು ನಕ್ಕರು. ನಾನು ಯಾರೋ ಬೇರೆ ಹುಡುಗಿಯನ್ನು ನೋಡಿದ ಹಾಗೆ ನೋಡುತ್ತಾ ನಿಂತೆ.

ಮುಂಚಿನಿಂದ ಗಳ ಇತ್ತೇನಮ್ಮ ಅಂತ ಮರುಳಸಿದ್ದಪ್ಪ ಕೇಳಿದರು. ಇರಲಿಲ್ಲ, ಸೆಪ್ಟೆಂಬರಿನಲ್ಲಿ ಬಂತು ಅಂತ ಅಮ್ಮ. ಯಾವತ್ತು ಅಂದರು. ಅಮ್ಮ ನನ್ನ ಕಡೆ ತಿರುಗಿದಳು. ಚೀಲದಿಂದ ಡೈರಿ ತೆಗೆದು, ಪುಟ ತೆರೆದು ಅವರ ಕೈಗೆ ಕೊಟ್ಟೆ. ಅವರು ಎಲ್ಲರಿಗೂ ಕೇಳುವಂತೆ ಓದಿದರು. ತಾರೀಕು ಓದಿದರು, ಒಂದು ಗಳ ಹಾಕಿದ್ದಾರೆ ಅನ್ನುವುದನ್ನು ಓದಿದರು, ಆಮೇಲೆ ನಾನೇ ವಾಪಸ್ ಹಾಕಿದೆ ಅನ್ನುವುದನ್ನೂ ಓದಿದರು. ಸಭೆಯಾಗಿ ಎಂಟನೇ ದಿನಕ್ಕೆ ಗಳ ಬಂದದ್ದು ಗೊತ್ತಾಯಿತು. ಅದನ್ನು ನಾವೇ ಮುಚ್ಚಿಕೊಂಡು ಓಡಾಡಿದ್ದೂ ಗೊತ್ತಾಯಿತು.

"ಗಳ ನಿಮ್ದಲ್ಲ ಅಂದ್ರೆ ಯಾಕಮ್ಮ ಮುಚ್ಚಿದ್ರಿ? ಬಿಸಾಕಿ ಹೋಗಬೇಕಿತ್ತಲ್ಲ" ಅಂತ ಮರುಳಸಿದ್ದಪ್ಪ ಕೇಳಿದರು. ನಿಜವಾಗಿ ಅರ್ಥವಾಗದೆ ಕೇಳಿದ್ದು ಅದು.

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೆಲಸ ಶುರು ಮಾಡುವ ಮುಂಚೆ ಅವಳು ಹಾಗೆ ಮಾಡುತ್ತಾಳೆ.

"ನಮ್ಮ ಕಡೆ ಯಾರದ್ದಾದ್ರೂ ಮುಚ್ತೀವಿ ಸಾರ್. ನಮ್ಮ ಹಕ್ಲಿನ ದಾಕ್ಷಾಯಿಣಕ್ಕನ ಎರಡು ದನ ಬಿಟ್ಟಿರ್ತವೆ, ನುಗ್ಗಿದ್ರೆ ಅಡಿಕೆ ಸಸಿ ಹೋಗತ್ತೆ. ಸಸಿ ಎಂತ ಮಾಡಿದೆ? ಅದಿರ್ಲಿ. ದಣಪೆ ಹಾಕೋದು ಎಲ್ಲಿ? ದಾರಿ ಇರೋ ಕಡೆ. ದಾರಿ ಇಲ್ದಿದ್ರೆ ಬೇಲಿ ಹಾಕ್ತಾರೆ. ಈ ಕಲ್ಲು ನಿಲ್ಸಿದ್ದು ಅಯ್ಯನೋರ ಅಜ್ಜ. ಅವರಿಗೆ ಗೊತ್ತಿತ್ತು ಇದು ದಾರಿ ಅಂತ."

ಗಣಪಯ್ಯನವರು ಫೋನನ್ನು ಜೇಬಿಗೆ ಹಾಕಿದರು. ಮರುಳಸಿದ್ದಪ್ಪ ಕಲ್ಲಿನ ತೂತಿಗೆ ಬೆರಳು ಹಾಕಿ, ಒಳಗೆ ಸವೆದಿರುವುದನ್ನು ಮುಟ್ಟಿ ನೋಡಿ ಬರೆದುಕೊಂಡರು. ದಾರಿ ಇದೆ ಅಂತ ಬರೆದರು, ದಣಪೆ ಇದೆ ಅಂತ ಬರೆದರು, ಉಪಯೋಗಿಸುವವರು ಮುಚ್ಚಿಕೊಂಡು ಓಡಾಡುತ್ತಾರೆ ಅಂತಲೂ ಬರೆದರು. ತೀರ್ಮಾನ ಮೇಲಿನವರದ್ದು, ಎರಡು ತಿಂಗಳಾಗಬಹುದು ಅಂದರು. ದೇವರಾಜನ ಜೆಸಿಬಿ ಏನೂ ಕೆಲಸವಿಲ್ಲದೆ ವಾಪಸ್ ಹೋಯಿತು.

ಮನೆಗೆ ಬಂದು ಅಮ್ಮ ಡೈರಿಯ ಬಗ್ಗೆ ಏನೂ ಅನ್ನಲಿಲ್ಲ. ಅನ್ನಬಹುದಿತ್ತು. ಒಂದು ವಾರ ನಾನು ಏನೂ ಬರೆಯಲಿಲ್ಲ. ದಣಪೆಯ ಹತ್ತಿರ ಹೋದಾಗಲೆಲ್ಲ ಶೆಡ್ಡಿನ ಕಡೆ ನೋಡದೆ ಮೂರೂ ಗಳ ಹಾಕಿ ಬರುತ್ತಿದ್ದೆ. ಸುಂದರೇಶಣ್ಣ ಒಂದು ದಿನ, ಇನ್ನೂ ಎಂತಕ್ಕೆ ಹಾಕ್ತೀಯ ಕೂಸೇ ಅಂದ. ಹಾಕದೆ ಮುಂದೆ ನಡೆದರೆ ಬೆನ್ನ ಹಿಂದೆ ಏನೋ ತೆರೆದಿದೆ ಅಂತ ಅನ್ನಿಸುತ್ತಿತ್ತು, ಅಷ್ಟೇ.

ಜನವರಿ ಹದಿನಾರು, ಮಂಗಳವಾರ. ಬೆಳಿಗ್ಗೆ ಏಳೂವರೆಗೆ ಕುರ್ಚಿ ಹೊತ್ತು ಬಂದಾಗ ದಣಪೆಯ ಒಳಬದಿಗೆ ಒಂದು ಮೊಳ ಬಿಟ್ಟು ಬೇಲಿ ಇತ್ತು. ಸಿಮೆಂಟಿನ ಕಂಬ, ನಾಲ್ಕು ಎಳೆ ಮುಳ್ಳುತಂತಿ. ಹಿಂದಿನ ದಿನ ಸಂಕ್ರಾಂತಿಯ ಎಳ್ಳು ಹಂಚಿ ಬಂದಾಗ ಇರಲಿಲ್ಲ. ಸಂಜೆಯ ಮೇಲೆ ಹಾಕಿಸಿರಬೇಕು. ಒಂದು ಸದ್ದೂ ಹಕ್ಲಿಗೆ ಕೇಳಿರಲಿಲ್ಲ. ಮೂರೂ ಗಳಗಳನ್ನು ಕಿತ್ತು ಚರಂಡಿಗೆ ಎಸೆದಿದ್ದರು. ದಾರಿ ಇಲ್ಲದ ಕಡೆ ಬೇಲಿ ಹಾಕುತ್ತಾರೆ ಅಂತ ಅಮ್ಮ ಹೇಳಿದ್ದಳಲ್ಲ. ಅವಳ ಮಾತನ್ನು ಗಣಪಯ್ಯನವರು ಮರೆತಿರಲಿಲ್ಲ.

ಸುಂದರೇಶಣ್ಣ ಕುರ್ಚಿಯನ್ನು ನೆಲಕ್ಕಿಳಿಸಿದ. ಬೇಲಿಯ ಆಚೆ ರಸ್ತೆಯಲ್ಲಿ ಆಟೋ ಕಾಣುತ್ತಿತ್ತು. ಡ್ರೈವರ್ ಇಳಿದು ನಮ್ಮನ್ನು ನೋಡುತ್ತಿದ್ದ. ಶುಕ್ರವಾರ ಆಸ್ಪತ್ರೆಯ ಮೆಷಿನ್ ಕೆಟ್ಟು ಅಜ್ಜನ ಒಂದು ಸರದಿ ಆಗಲೇ ತಪ್ಪಿತ್ತು, ಅವನ ಪಾದ ಚಪ್ಪಲಿಗೆ ಹೋಗುತ್ತಿರಲಿಲ್ಲ. ಅಜ್ಜ ಬೇಲಿಯನ್ನು ನೋಡಿ, "ಕಿವಿ ಒತ್ತಿದೆ" ಅಂದ.

ದೇವರಾಜನಿಗೆ ಯಾರು ಹೇಳಿದರೋ, ಅಷ್ಟರಲ್ಲೇ ಅಮ್ಮನ ಫೋನಿಗೆ ಅವನ ಕರೆ ಬಂತು. ಸ್ಪೀಕರಿನಲ್ಲಿತ್ತು. ಹದಿನೈದು ನಿಮಿಷದಲ್ಲಿ ಜೆಸಿಬಿ, ಐವತ್ತು ಜನ, ಟಿವಿಯವರನ್ನೂ ಕರೆಸ್ತೀನಿ, ಬೇಲಿ ಕಂಬ ಎಲ್ಲ ಸಪಾಟು, ನೀವು ಮುಂದೆ ನಿಂತ್ರೆ ಸಾಕು ಅಂದ. ಅಮ್ಮ, ಬೇಡ ಅಂದಳು. ಹಂಗಾದ್ರೆ ನಿಮ್ಮ ಹಣೆಬರ, ಅವಿಶ್ವಾಸಕ್ಕೆ ಆರು ಸಹಿ ಆಗಿದೆ ಗೊತ್ತಿರ್ಲಿ ಅಂದ. ಗೊತ್ತು ಅಂತ ಹೇಳಿ ಫೋನ್ ಇಟ್ಟಳು.

ಆಮೇಲೆ ಸುಂದರೇಶಣ್ಣನ ತಮ್ಮನನ್ನು ಮನೆಗೆ ಕಳಿಸಿ ತಂತಿ ಕತ್ತರಿಸುವ ಕಟ್ಟರ್ ತರಿಸಿದಳು. ಅವನು ಕತ್ತರಿಸಲು ಹೋದಾಗ ಅವನ ಕೈಯಿಂದ ತೆಗೆದುಕೊಂಡಳು. ನೀನಲ್ಲ, ನಾನು ಅಂದಳು. ಎರಡು ಕಲ್ಲುಕಂಬಗಳ ನಡುವೆ ಎಷ್ಟಿದೆಯೋ ಅಷ್ಟೇ ಅಗಲ, ನಾಲ್ಕು ಎಳೆ. ಒಂದೊಂದು ಎಳೆ ಕತ್ತರಿಸಿದಾಗಲೂ ತಂತಿ ಟಿಣ್ ಅಂತ ಹಿಂದೆ ಜಿಗಿಯುತ್ತಿತ್ತು. ಮೂರನೆಯದು ಅವಳ ಮುಂಗೈ ಗೀರಿತು. ತುಂಡುಗಳನ್ನು ಬಿಸಾಡಲಿಲ್ಲ. ಸಿಂಬೆಯ ಹಾಗೆ ಸುತ್ತಿ ಅವರದೇ ಸಿಮೆಂಟು ಕಂಬಕ್ಕೆ ನೇತುಹಾಕಿದಳು. ಆಮೇಲೆ ಚರಂಡಿಗೆ ಇಳಿದು ಮೂರೂ ಗಳಗಳನ್ನು ಹೆಕ್ಕಿ ಕಂಬಕ್ಕೆ ಒರಗಿಸಿದಳು. ಇದೆಲ್ಲ ಮಾಡುವಾಗ ಶೆಡ್ಡಿನ ಕ್ಯಾಮೆರಾಕ್ಕೆ ಬೆನ್ನು ಹಾಕಿರಲಿಲ್ಲ, ಮುಖ ಕೊಟ್ಟೇ ಇದ್ದಳು. ಗಣಪಯ್ಯನವರು ಕಣದಲ್ಲಿ ನಿಂತು ನೋಡುತ್ತಿದ್ದರು. ಬರಲಿಲ್ಲ, ಕೂಗಲಿಲ್ಲ.

ಕುರ್ಚಿ ದಾಟಿತು. ಅಮ್ಮ ದಾಟಿದಳು. ನಾನು ದಾಟಿ ನಿಂತೆ. ಗಳ ಒರಗಿದ್ದವು. ಕೈ ಹೋಯಿತು, ಅರ್ಧದಲ್ಲಿ ನಿಂತಿತು. ಇಪ್ಪತ್ತಾರು ತುಣುಕು ನೆನಪಾಯಿತು. ಇದು ಎಷ್ಟನೆಯದೋ. ಹಾಕಿದರೆ ಮತ್ತೆ ಒಪ್ಪಿಕೊಂಡ ಹಾಗಾ, ಹಾಕದಿದ್ದರೆ ಇಷ್ಟು ದಿನ ಹಾಕಿದ್ದು ಸುಳ್ಳಾಗುತ್ತದಾ, ನನಗೆ ತಿಳಿಯಲಿಲ್ಲ. ಮುಂದೆ ಹೋಗಿದ್ದ ಅಮ್ಮ ತಿರುಗಿ ನೋಡಿದಳು.

"ಹಾಕು. ಮೂರೂ ಹಾಕು."

ಹಾಕಿದೆ. ಮೇಲಿನದು, ನಡುವಿನದು, ಕೆಳಗಿನದು. ಕೆಳಗಿನದಕ್ಕೆ ಚರಂಡಿಯ ಕೆಸರು ಮೆತ್ತಿತ್ತು, ದುಪಟ್ಟದಲ್ಲಿ ಒರೆಸಿ ಹಾಕಿದೆ. ಆಮೇಲೆ ತಲೆ ಎತ್ತಿ ಕ್ಯಾಮೆರಾ ನೋಡಿದೆ. ಇಷ್ಟು ತಿಂಗಳಲ್ಲಿ ಮೊದಲ ಸಲ.

ಅಜ್ಜನಿಗೆ ಮೆಷಿನ್ ಹಾಕಿ ಅರ್ಧ ಗಂಟೆಯಾಗಿತ್ತು, ಪೊಲೀಸ್ ಸ್ಟೇಷನ್ನಿನಿಂದ ಅಮ್ಮನಿಗೆ ಫೋನು ಬಂತು. ಹೌದು ಸಾರ್, ನಾನೇ ಕತ್ತರಿಸಿದ್ದು ಅಂದಳು. ಬೇರೆ ಯಾರೂ ಇರ್ಲಿಲ್ಲ, ನಾನೊಬ್ಬಳೇ. ನಾಲ್ಕು ಗಂಟೆ ಬೇಕು ಸಾರ್, ಮುಗಿಸಿಕೊಂಡು ಬರ್ತೀನಿ. ಮುಂಗೈಯ ಗೀರಿಗೆ ನರ್ಸ್ ಪಟ್ಟಿ ಹಾಕಿಕೊಟ್ಟಿದ್ದರು. ಅಮ್ಮ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎದುರಿನ ಗೋಡೆ ನೋಡುತ್ತಾ ಕೂತಳು. ನಾನು ಅವಳ ಪಕ್ಕ ಕೂತೆ. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಹಸಿವೂ ಆಗಲಿಲ್ಲ.

ಮಧ್ಯಾಹ್ನ ಸ್ಟೇಷನ್ನಿಗೆ ಹೋಗಿ ಅವಳು ಹೇಳಿದ್ದನ್ನು ಬರೆಸಿ, ನಾನು ಓದಿ, ಅವಳು ಸಹಿ ಹಾಕಿದಳು. ಕೇಸು ಆಗುತ್ತದೆ ಅಂದರು. ಅಧ್ಯಕ್ಷಗಿರಿ ಹೋಗಬಹುದು ಅಂತ ಒಬ್ಬರು ಮೆಲ್ಲಗೆ ಹೇಳಿದರು. ಅಮ್ಮ, ದಾರಿ ಹೋಗಲ್ವಲ್ಲ ಅಂದಳು.

ನಾಲ್ಕೂವರೆಗೆ ಆಟೋ ಇಳಿದೆವು. ಸುಂದರೇಶಣ್ಣ ಮತ್ತು ಅವನ ತಮ್ಮ ಬಿದಿರು ಹೆಗಲಿಗೆ ಕೊಟ್ಟರು. ದೂರದಿಂದಲೇ ಎಲ್ಲರೂ ಬೇಲಿಯ ಕಡೆಯೇ ನೋಡುತ್ತಾ ನಡೆದೆವು. ತಂತಿಯ ಸಿಂಬೆ ನೇತುಹಾಕಿದಲ್ಲೇ ಇತ್ತು. ಬೇಲಿ ಕತ್ತರಿಸಿದಷ್ಟೇ ತೆರೆದಿತ್ತು. ಯಾರೂ ಮತ್ತೆ ಕಟ್ಟಿರಲಿಲ್ಲ. ಮೂರು ಗಳ ನಾನು ಹಾಕಿದ ಹಾಗೇ ಇದ್ದವು, ಕೆಳಗಿನದರ ಮೇಲೆ ಕೆಸರು ಒರೆಸಿದ ಗೆರೆ ಒಣಗಿತ್ತು. ಕಣದಲ್ಲಿ ಗಣಪಯ್ಯನವರು ಕುರ್ಚಿ ಹಾಕಿಕೊಂಡು ಕೂತಿದ್ದರು. ನಮ್ಮನ್ನು ನೋಡಿ ಎದ್ದು ಶೆಡ್ಡಿನ ಒಳಗೆ ಹೋದರು.

ಅಮ್ಮ ಗಳ ತೆಗೆದಳು. ಕುರ್ಚಿ ದಾಟುವಾಗ ಅಜ್ಜ ಕೈ ಚಾಚಿ ಕಲ್ಲುಕಂಬವನ್ನೊಮ್ಮೆ ಮುಟ್ಟಿದ. ಅವನು ನಿದ್ದೆಗಣ್ಣಲ್ಲಿದ್ದ, ಯಾಕೆ ಮುಟ್ಟಿದನೋ. ನಾಳೆ ಇನ್ನೇನಾದ್ರೂ ಮಾಡ್ತಾರೆ ಅಂತ ಸುಂದರೇಶಣ್ಣ ಅಂದ. ಮಾಡ್ಲಿ, ಶುಕ್ರವಾರ ಏಳೂವರೆಗೆ ಬಾ ಅಂತ ಅಮ್ಮ ಅಂದಳು.

ಅವರು ಮುಂದೆ ಹೋದರು. ನಾನು ಹಿಂದೆ ಉಳಿದು ಗಳ ಹಾಕಿದೆ. ಅವತ್ತು ಡೈರಿಯಲ್ಲಿ ಬರೆದದ್ದು: "ಬೇಲಿ ಅಮ್ಮ ಕತ್ತರಿಸಿದಳು. ಅಜ್ಜನಿಗೆ ಡಯಾಲಿಸಿಸ್ ಆಯಿತು. ದಣಪೆ ನಾನು ಹಾಕಿದೆ." ಈ ಸಲ ಮೂರನೆಯ ಸಾಲನ್ನು ಬೇಕೆಂದೇ ಬರೆದೆ.